ಮಡಿಕೇರಿಯ ತೀರ್ಪಿನ ನಂತರ: ಕೊಲೆ ಅಪೀಲಿನ ಹಾದಿ ಕಲಿಸುವ ಪಾಠಗಳು

ಹಾರಂಗಿ ಸುತ್ತಮುತ್ತಲ ಕೊಲೆ ಪ್ರಕರಣಗಳ ವಿಚಾರಣೆ ನಡೆಯುವುದು ಮಡಿಕೇರಿಯಲ್ಲಿರುವ ಕೊಡಗಿನ ಸೆಷನ್ಸ್ ನ್ಯಾಯಾಲಯದಲ್ಲಿ. ಅಲ್ಲಿ ಜೀವಾವಧಿ ಶಿಕ್ಷೆಯಾದವರ ಅಪೀಲು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತದೆ. ಧಾರವಾಡ, ಕಲಬುರಗಿ ಪೀಠಗಳ ವ್ಯಾಪ್ತಿಗೆ ಕೊಡಗು ಸೇರಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಮು ಅಪೀಲಿನ ಹಕ್ಕನ್ನು ಕೊಡುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಶಿಕ್ಷೆಯಾದವರ ಮನೆಯವರು ಮೊದಲು ಕಳೆದುಕೊಳ್ಳುವುದು ದಿನಗಳನ್ನು. ಅಪೀಲಿಗೆ ಇರುವ ಗಡುವು 60 ದಿನ, ಮರಣದಂಡನೆಯಾದರೆ 30 ದಿನ. ತೀರ್ಪಿನ ನಕಲು ಪಡೆಯಲು ಹಿಡಿದ ಸಮಯ ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಆದರೂ ತೋಟದ ಕೂಲಿಯಲ್ಲಿ ಬದುಕುವ ಮನೆಗಳಲ್ಲಿ ವಕೀಲರ ಫೀಸು ಹೊಂದಿಸುವಷ್ಟರಲ್ಲೇ ತಿಂಗಳುಗಳು ಹೋಗುತ್ತವೆ. ಹಾಗೆ ಕಾಯುವ ಅಗತ್ಯವೇ ಇಲ್ಲ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಯಾದವನಿಗೆ ಉಚಿತವಾಗಿ, ಆಗಲೇ ಕೊಡಬೇಕು. ಕೈದಿ ಜೈಲಿನಲ್ಲಿದ್ದುಕೊಂಡೇ ಅಪೀಲು ಅರ್ಜಿಯನ್ನು ಅಧಿಕಾರಿಯ ಕೈಗೆ ಕೊಟ್ಟರೆ ಅದನ್ನು ಅವರೇ ಹೈಕೋರ್ಟಿಗೆ ಕಳಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವವರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು ಉಚಿತ ವಕೀಲರಿಗೆ ಅರ್ಹರು. ಹಾಡಿಗಳ ಯರವ, ಜೇನುಕುರುಬ ಕುಟುಂಬಗಳಿಗೆ ಈ ಮಾತನ್ನು ತೀರ್ಪು ಬಂದ ದಿನವೇ ಯಾರಾದರೂ ಹೇಳಲೇಬೇಕು.

ಅಪೀಲಿನ ಜೊತೆಗೆ ಶಿಕ್ಷೆಯ ಅಮಾನತು ಮತ್ತು ಜಾಮೀನನ್ನೂ ಕೇಳಬಹುದು. ಕೊಲೆ ಪ್ರಕರಣದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.

ಅಪೀಲು ಎಂದರೆ ಸಾಕ್ಷಿಗಳನ್ನು ಮತ್ತೆ ಕರೆಸಿ ಕೇಳುವುದು ಎಂದೇ ಜನ ನಂಬಿರುತ್ತಾರೆ. ಹಾಗಲ್ಲ. ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಓದುವುದು ಕೆಳಗಿನ ಕೋರ್ಟಿನ ಕಡತವನ್ನೇ: ದೂರು, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ಆರೋಪಿ ಕೊಟ್ಟ ಉತ್ತರ. ಹೊಸ ಸಾಕ್ಷ್ಯಕ್ಕೆ ಅವಕಾಶ ಸಿಗುವುದು ಅಪರೂಪ. ಆದ್ದರಿಂದ ಮಡಿಕೇರಿಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಬೆಂಗಳೂರಿನಲ್ಲಿ ಉತ್ತರ ಹುಟ್ಟುವುದು ಕಷ್ಟ. ಅಪೀಲಿನ ತಯಾರಿ ವಿಚಾರಣೆಯ ಮೊದಲ ಸಾಕ್ಷಿಯಿಂದಲೇ ಶುರುವಾಗಬೇಕು.

ಕಣ್ಣಾರೆ ಕಂಡವರಿಲ್ಲದ ಪ್ರಕರಣಗಳಲ್ಲಿ ಈ ಓದು ಇನ್ನಷ್ಟು ಕಟ್ಟುನಿಟ್ಟು. ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಲ್ಲೂ ಕಡಿಯಬಾರದು, ಆರೋಪಿ ನಿರಪರಾಧಿಯಾಗಿರಬಹುದಾದ ಸಾಧ್ಯತೆಗೆ ಎಡೆ ಉಳಿಯಬಾರದು ಎಂದು 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ. ಆ ಮಾತಿನಿಂದ ವಸ್ತು ಸಿಕ್ಕಿದ್ದರೆ ಅದಕ್ಕೆ ನೇರವಾಗಿ ಸಂಬಂಧಿಸಿದ ಭಾಗವನ್ನಷ್ಟೇ ಒಪ್ಪಬಹುದು. ಕಾಫಿ ತೋಟದ ಊರಿನಲ್ಲಿ ಕತ್ತಿ ಇಲ್ಲದ ಮನೆ ಇಲ್ಲ. ಕತ್ತಿ ಸಿಕ್ಕಿತು ಎಂದರೆ ಸಾಲದು: ಅದರ ಮೇಲಿನ ರಕ್ತ ಯಾರದು, ಪಂಚರು ಮಹಜರನ್ನು ಸಮರ್ಥಿಸಿದರೇ, ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದ್ದು ಯಾವಾಗ ಎಂಬುದನ್ನೆಲ್ಲ ಕಡತದಲ್ಲಿ ಹುಡುಕಬೇಕು. ನೀರಿನಲ್ಲಿ ಸಿಕ್ಕ ಶವವಾದರೆ ಸಾವಿಗೆ ಮುಳುಗಿದ್ದು ಕಾರಣವೋ, ಮೊದಲೇ ಆದ ಗಾಯವೋ ಎಂಬ ಪ್ರಶ್ನೆಗೆ ವೈದ್ಯರ ಉತ್ತರವೇ ಆಧಾರ.

ಸತ್ತವರು ಯಾರು ಎಂಬುದೇ ತಪ್ಪಾಗಿ ಹೋಗಬಹುದು ಎಂಬುದಕ್ಕೆ ಕುಶಾಲನಗರ ಸೀಮೆಯೇ ಸಾಕ್ಷಿ. 2020ರಲ್ಲಿ ಅಲ್ಲಿಂದ ಕಾಣೆಯಾದ ಮಹಿಳೆಯದೆಂದು ಮೈಸೂರು ಜಿಲ್ಲೆಯ ಬೆಟ್ಟದಪುರ ಬಳಿ ಸಿಕ್ಕ ಅಸ್ಥಿಪಂಜರವನ್ನು ಗುರುತಿಸಿ, ಆಕೆಯ ಗಂಡನನ್ನು ಕೊಲೆ ಆರೋಪದಲ್ಲಿ ಜೈಲಿಗೆ ಹಾಕಲಾಯಿತು. ಡಿಎನ್‌ಎ ಹೊಂದಲಿಲ್ಲ. 2025ರ ಏಪ್ರಿಲ್ 1ರಂದು ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತ ಕಾಣಿಸಿಕೊಂಡಳು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. 5 ಕೋಟಿ ಕೇಳಿ ಅವನು ಹೈಕೋರ್ಟಿಗೆ ಹೋದ. ಶಿಕ್ಷೆಯಾಗುವ ಮುಂಚೆಯೇ ಸತ್ಯ ಎದ್ದು ಬಂದದ್ದು ಅವನ ಪುಣ್ಯ.

ಹೈಕೋರ್ಟ್ ಖುಲಾಸೆ ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು, ಹಠಾತ್ ಜಗಳದಲ್ಲಿ ನಡೆದ ಸಾವಾದರೆ ಕೊಲೆಯಲ್ಲದ ಮಾನವ ಹತ್ಯೆ ಎಂದು ಶಿಕ್ಷೆ ಇಳಿಸಬಹುದು. ಅಪೀಲು ಹಾಕಿದರೆ ಶಿಕ್ಷೆ ಹೆಚ್ಚೀತು ಎಂಬ ಭಯ ಹಲವರಲ್ಲಿದೆ. ಸರ್ಕಾರವೇ ಪ್ರತ್ಯೇಕವಾಗಿ ಕೇಳದ ಹೊರತು ಶಿಕ್ಷೆಯಾದವನ ಅಪೀಲಿನಲ್ಲಿ ಹಾಗಾಗದು. ಅಪೀಲು ವಜಾ ಆದರೆ ಸಾಮಾನ್ಯವಾಗಿ ಉಳಿಯುವುದು ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ. ಅದಕ್ಕೆ ಗಡುವು 90 ದಿನ, ಅಲ್ಲಿಯೂ ಕಾನೂನು ಸೇವಾ ಸಮಿತಿಯ ವಕೀಲರು ಸಿಗುತ್ತಾರೆ.