ತೆರೆದ ಕಿಟಕಿಯ ಬೆಳಕು

ದೇವದುರ್ಗ ತಾಲ್ಲೂಕಿನ ಮಸರಕಲ್ ಗ್ರಾಮದಲ್ಲಿ ಬೇಸಿಗೆಯ ಬಿಸಿಲು ಬಲು ಬಿರುಸು. ನಡುಹಗಲಿನಲ್ಲಿ ಮುಚ್ಚಿಟ್ಟ ಕಿಟಕಿಯನ್ನು ಸಂಜೆ ತೆರೆದೊಡನೆ ಒಳಮನೆಯ ಸುಣ್ಣದ ಗೋಡೆಯ ಬಣ್ಣವೇ ಬದಲಾಗುತ್ತದೆ. ಬಿಸಿಲು ತಾಗಿದೆಡೆ ಹೊಂಬಣ್ಣ, ನೆರಳಿನಲ್ಲಿ ನಸುನೀಲಿ. ಗೋಡೆ ಬಿಳಿಯದೆಂದು ಬುದ್ಧಿ ಹೇಳುತ್ತದೆ. ಕಣ್ಣು ಕಾಣುವುದು ಬೇರೆಯೇ.

ಕಣ್ಣಿನ ಈ ಸಾಕ್ಷ್ಯವನ್ನೇ ನಂಬಿ ಚಿತ್ರ ಬರೆದವರು ಫ್ರಾನ್ಸ್ ದೇಶದ ಇಂಪ್ರೆಷನಿಸ್ಟ್ ಕಲಾವಿದರು. 1874ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅವರ ಮೊದಲ ಪ್ರದರ್ಶನದಲ್ಲಿ ಮೋನೆ, ರೆನ್ವಾರ್ ಮೊದಲಾದವರೊಡನೆ ಬರ್ತ್ ಮೊರಿಸೊ ಎಂಬ ಕಲಾವಿದೆಯೂ ಭಾಗವಹಿಸಿದಳು. ಅದಕ್ಕೆ ಐದು ವರ್ಷ ಮೊದಲೇ, 1869ರಲ್ಲಿ, ಆಕೆ ತನ್ನ ಅಕ್ಕ ಎಡ್ಮಾಳನ್ನು ತೆರೆದ ಕಿಟಕಿಯ ಬಳಿ ಕೂರಿಸಿ ಚಿತ್ರಿಸಿದ್ದಳು. ಆ ಚಿತ್ರ ಈಗ ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ.

ಬಾಗಿಲಿನಂತೆ ನೆಲದವರೆಗೂ ಇಳಿದಿರುವ ಕಿಟಕಿ; ಅದರಾಚೆ ಕಬ್ಬಿಣದ ಕಟಕಟೆ; ಬೀದಿಯಾಚೆಯ ಮನೆಯ ಉಪ್ಪರಿಗೆಯಲ್ಲಿ ಕುಂಚದ ಕೆಲವೇ ಸ್ಪರ್ಶಗಳಿಂದ ಮೂಡಿದ ಜನ. ಹೊರಗಿನ ಬೆಳಕು ಎಡ್ಮಾಳ ಬಿಳಿಯ ಉಡುಪಿನ ಮೇಲೆ ಹರಡಿದೆ. ಆ ಬಿಳುಪು ಎಲ್ಲೆಡೆಯೂ ಒಂದೇ ಅಲ್ಲ; ಮಡಿಕೆಗಳಲ್ಲಿ ಬೂದು ಛಾಯೆ ಸುಳಿದಿದೆ. ಇಷ್ಟು ಬೆಳಕಿದ್ದರೂ ಎಡ್ಮಾ ಹೊರಗೆ ನೋಡುತ್ತಿಲ್ಲ. ತಲೆ ಬಾಗಿದೆ, ದೃಷ್ಟಿ ಕೈಯಲ್ಲಿನ ಬೀಸಣಿಗೆಯ ಮೇಲೆ ನಿಂತಿದೆ.

ಎಡ್ಮಾಳೂ ಚಿತ್ರಕಲಾವಿದೆಯೇ. ಅಕ್ಕತಂಗಿಯರಿಬ್ಬರೂ ಕೊರೊ ಎಂಬ ಹಿರಿಯ ಕಲಾವಿದನ ಬಳಿ ಕಲಿತವರು. ಇಬ್ಬರ ಚಿತ್ರಗಳೂ ಪ್ಯಾರಿಸ್ಸಿನ ಪ್ರತಿಷ್ಠಿತ ಪ್ರದರ್ಶನದಲ್ಲಿ ಸ್ಥಾನ ಪಡೆದಿದ್ದವು. 1869ರಲ್ಲಿ ನೌಕಾಧಿಕಾರಿಯೊಬ್ಬನನ್ನು ವರಿಸಿದ ಎಡ್ಮಾ ಕುಂಚವನ್ನು ಬದಿಗಿಟ್ಟಳು. ಇದನ್ನರಿತು ನೋಡಿದವರಿಗೆ ಚಿತ್ರದ ಬೆಳಕು ಬೇರೆಯಾಗಿಯೇ ತೋರುತ್ತದೆ. ಆ ಮುಖದಲ್ಲಿ ಅಳುವಿಲ್ಲ, ದೂರಿಲ್ಲ. ಬೆಳಕಿನ ನಡುವೆ ಕುಳಿತ ಮೌನವೊಂದಿದೆ.

ಕನ್ನಡ ನಾಡಿನ ರುಮಾಲೆ ಚನ್ನಬಸವಯ್ಯನವರೂ (1910–1988) ಒಮ್ಮೆ ಕುಂಚವನ್ನು ಬದಿಗಿಟ್ಟವರೇ. ಸ್ವಾತಂತ್ರ್ಯ ಹೋರಾಟವೂ ಸಾರ್ವಜನಿಕ ಸೇವೆಯೂ ಅವರನ್ನು ಕರೆದವು. ಆದರೆ 1960ರ ದಶಕದಲ್ಲಿ ಅವರು ಮತ್ತೆ ಕುಂಚ ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬಯಲಿನಲ್ಲಿಯೇ ನಿಂತು, ಬಿಸಿಲಿನ ಬಣ್ಣಗಳಲ್ಲಿ ಬರೆದರು. ಎಡ್ಮಾ ಹಾಗೆ ಕಲಾಜೀವನಕ್ಕೆ ಮರಳಲಿಲ್ಲ.

ಬೆಳಕು ಯಾವ ಮನೆಯ ಕಿಟಕಿಯನ್ನೂ ಬಿಟ್ಟುಹೋಗುವುದಿಲ್ಲ. ಪ್ಯಾರಿಸ್ಸಿನ ಮನೆಯೊಳಕ್ಕೆ ಬಂದಂತೆಯೇ ಮಸರಕಲ್ಲಿನ ಮನೆಯೊಳಕ್ಕೂ ಬರುತ್ತದೆ. ಅದರ ಬಳಿ ಕುಳಿತವಳ ಕೈಯಲ್ಲಿ ಕುಂಚವಾಗಲಿ ಲೇಖನಿಯಾಗಲಿ ಉಳಿಯುವಂತೆ ನೋಡಿಕೊಳ್ಳಬೇಕಾದವರು ಮಾತ್ರ ಆ ಮನೆಯವರೇ.