ಅತಿಥಿ 4 ತಿಂಗಳು, ಕುದುರೆ 12 ತಿಂಗಳು

ಹೊಸಪೇಟೆ, ಕಮಲಾಪುರ, ಸಂಡೂರು ಕಡೆ ಹೊಲದಲ್ಲಿ ಎರಡು ಕೋಣೆ ಕಟ್ಟಿ, ಹಂಪಿ ನೋಡಲು ಬರುವವರನ್ನು ಉಳಿಸಿಕೊಳ್ಳಬೇಕೆಂಬ ಆಸೆ ಹಲವು ರೈತರಿಗಿದೆ. ಜೊತೆಗೊಂದು ಕುದುರೆ ಇದ್ದರೆ ಇನ್ನೂ ಮಂದಿ ಬರ್ತಾರೆ ಅನ್ನೋದು ಹುಡುಗರ ಲೆಕ್ಕ. ನಮ್ಮಲ್ಲಿ ಎರಡೂ ಇರುವುದರಿಂದ ಕೇಳಲು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮದು ಸಂಡೂರು ಗುಡ್ಡದ ಬುಡದ 6 ಎಕರೆ ಒಣಭೂಮಿ, ಕೆಂಪು ಮಸಾರಿ. ಜೋಳ, ಸಜ್ಜೆ, ಶೇಂಗಾ, ತೊಗರಿ, ಮಳೆಗಾಲದ ಕೊನೆಗೆ ಹುರುಳಿ. ಜೋಡೆತ್ತು, ಒಂದು ಎಮ್ಮೆ, ಎರಡು ತಟ್ಟು ಕುದುರೆ. ನಮ್ಮ ಭಾವ ಹೊಸಪೇಟೆಯಲ್ಲಿ ಟಾಂಗಾ ಹೊಡೀತಿದ್ದರು. ಆಟೋಗಳು ಬಂದು ಬಾಡಿಗೆ ಸಿಗದಂತಾದಾಗ ಹೆಣ್ಣು ಕುದುರೆ ಮತ್ತು ಗಾಡಿಯನ್ನು ನಮ್ಮ ಹೊಲಕ್ಕೆ ತಂದು ಬಿಟ್ಟರು. ಈಗಿರುವುದು ಅದರ ಮಗಳು ಮತ್ತು ಮೊಮ್ಮಗ. ಅತಿಥಿಗಳು ಶುರುವಾದದ್ದು ಆಮೇಲೆ. ಅಂದರೆ ಅತಿಥಿಗಾಗಿ ನಾವು ಕುದುರೆ ಕೊಂಡವರಲ್ಲ. ಈ ಮಾತು ಮುಂದೆ ಲೆಕ್ಕಕ್ಕೆ ಬರುತ್ತದೆ.

ಎತ್ತು ಸಾಕಿದವರು ಮೊದಲು ತಿಳಿಯಬೇಕಾದದ್ದು, ಕುದುರೆ ಮೆಲುಕು ಹಾಕುವುದಿಲ್ಲ. ಎತ್ತು ಗಬಗಬ ತಿಂದು ಮಲಗಿ ಮೆಲುಕು ಹಾಕಿ ಅರಗಿಸಿಕೊಳ್ಳುತ್ತದೆ. ಕುದುರೆಯ ಜಠರ ಸಣ್ಣದು. ಅದು ದಿನವಿಡೀ ಸ್ವಲ್ಪ ಸ್ವಲ್ಪ ತಿನ್ನಬೇಕು. ವಾಂತಿ ಮಾಡಲೂ ಅದಕ್ಕೆ ಬರುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ಹಿಂತಿರುಗಿ ಪಕ್ಕೆ ನೋಡಿಕೊಳ್ಳುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಬೆವರುವುದು, ಮತ್ತೆ ಮತ್ತೆ ಉರುಳಾಡುವುದು, ಲದ್ದಿ ಹಾಕದಿರುವುದು: ಇದನ್ನು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಮೇವು ತೆಗೆದುಬಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ.

ಆದ್ದರಿಂದ ನಮ್ಮ ಮನೆಯ ಗಡಿಯಾರ ಕುದುರೆ ಹೊಟ್ಟೆ. ಮುಂಜಾನೆ ಐದಕ್ಕೆ ನೀರು, ಒಣಮೇವು. ಆರೂವರೆಗೆ ನೆನೆಸಿ ಬೇಯಿಸಿದ ಹುರುಳಿ, ತುಸು ಉಪ್ಪು. ಗೊರಸಿನ ಕೆಳಗೆ ಸಿಕ್ಕ ಕಲ್ಲು ತೆಗೆದು, ಮೈ ಉಜ್ಜಿ, ಎಂಟಕ್ಕೆ ಕೆಲಸ. ಹತ್ತೂವರೆಗೆ ಬೇವಿನ ನೆರಳು. ನಾಲ್ಕಕ್ಕೆ ಬಿಸಿಲು ಇಳಿದ ಮೇಲೆ ಮತ್ತೊಂದು ತಾಸು. ರಾತ್ರಿ ಮಲಗುವ ಮುಂಚೆ ಗ್ವಾದಲಿಗೆ ಇನ್ನೊಂದು ಹೊರೆ ಮೇವು. ಅತಿಥಿ ಒಂಬತ್ತಕ್ಕೆ ಎದ್ದು ಹನ್ನೆರಡಕ್ಕೆ ಗಾಡಿ ಹೂಡಿ ಅಂದರೆ ನಾವು ಹೂಡುವುದಿಲ್ಲ. ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ.

ಮೇವಿನ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಕಷ್ಟ ಇರುವುದೇ ಅಲ್ಲಿ. ನಮ್ಮ 220 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ 4ರಿಂದ 5 ಕಿಲೋ ಒಣಮೇವು, ಕೆಲಸದ ದಿನ 1 ಕಿಲೋ ಹುರುಳಿ, ಬೇಸಿಗೆಯಲ್ಲಿ 25–30 ಲೀಟರ್ ನೀರು. ಒಳ್ಳೆ ಶೇಂಗಾ ಹೊಟ್ಟು, ಜೋಳದ ಸೊಪ್ಪೆ, ಬದುವಿನ ಹುಲ್ಲು ಸಾಕು. ಬೂಸಲು ಹಿಡಿದ ಹೊಟ್ಟು ಎಮ್ಮೆಗೂ ಒಳ್ಳೆಯದಲ್ಲ, ಕುದುರೆಗಂತೂ ಮುಟ್ಟಿಸಬೇಡಿ. ಕಂಪ್ಲಿ ಕಡೆಯಿಂದ ಭತ್ತದ ಹುಲ್ಲು ಅಗ್ಗಕ್ಕೆ ಸಿಗುತ್ತದೆ ಅಂತ ಅದೊಂದರ ಮೇಲೆ ಕುದುರೆ ಸಾಕಲು ಹೋಗಬೇಡಿ, ಅದರಲ್ಲಿ ಸತ್ವ ಕಡಿಮೆ. ನೇಪಿಯರ್ ಹುಲ್ಲು ಹಸುವಿಗೆ ಚಿನ್ನ. ಕುದುರೆಗೆ ಅದನ್ನೇ ದಿನಾ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಟ್ಟು ಎಲುಬು ಮೆತ್ತಗಾಗುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ. ದನದ ಹಿಂಡಿ ಚೀಲವನ್ನಂತೂ ದೂರ ಇಡಿ. ಕೆಲವು ಪಶು ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ದನ ಅದನ್ನು ತಾಳಿಕೊಳ್ಳುತ್ತದೆ, ಕುದುರೆಗೆ ಅದು ವಿಷ.

ಮೇವು ಬದಲಾಯಿಸುವುದಿದ್ದರೆ ವಾರ ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಬನ್ನಿ. ಮಸಾರಿ ನೆಲದ ಮೇಲೆ ಮೇವು ಚೆಲ್ಲಬೇಡಿ, ಹುಲ್ಲಿನ ಜೊತೆ ಉಸುಕು ಹೊಟ್ಟೆಗೆ ಹೋಗಿ ಕರುಳಲ್ಲಿ ಕೂರುತ್ತದೆ. ನಮ್ಮೂರಿನಂತೆ ಅದಿರು ಲಾರಿ ಓಡಾಡುವ ದಾರಿ ಪಕ್ಕ ಇರುವವರು ಸೊಪ್ಪೆಯನ್ನು ಝಾಡಿಸಿ, ನೀರು ಚಿಮುಕಿಸಿ ಹಾಕಬೇಕು. ಕೆಂಧೂಳಿಗೆ ಕುದುರೆ ಕೆಮ್ಮುತ್ತದೆ.

ಈಗ ಎಕರೆ ಲೆಕ್ಕ. ವರ್ಷಕ್ಕೆ 6 ತಿಂಗಳು ಕೆಲಸ ಅಂತ ಹಿಡಿದರೆ ಎರಡು ಕುದುರೆಗೆ 360 ಕಿಲೋ ಹುರುಳಿ. ನಮ್ಮ ಮಸಾರಿಯಲ್ಲಿ ಎಕರೆಗೆ ಎರಡೂವರೆ ಕ್ವಿಂಟಾಲ್ ಬಂದರೆ ಒಳ್ಳೆ ವರ್ಷ. ಅಂದರೆ 6ರಲ್ಲಿ ಹತ್ತಿರ ಹತ್ತಿರ ಒಂದೂವರೆ ಎಕರೆ ಹುರುಳಿ ಕುದುರೆ ಬಾಯಿಗೆ. ಅತಿಥಿಗಳು ಬರುವುದು ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ, ಗಟ್ಟಿ ಲೆಕ್ಕ 4 ತಿಂಗಳು. ಏಪ್ರಿಲ್ ಬಿಸಿಲಿಗೆ ಹಂಪಿ ಬಂಡೆ ಮೇಲೆ ಕಾಲಿಡಲಾಗದು, ಆಗ ಯಾರು ಬರ್ತಾರೆ? 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆದಾಗ ಅತಿಥಿ ಪೂರಾ ನಿಂತಿತು, ಕುದುರೆ ಹೊಟ್ಟೆ ನಿಲ್ಲಲಿಲ್ಲ. ಬಣವೆ ಮತ್ತು ಹುರುಳಿ ನಮ್ಮದೇ ಇದ್ದದ್ದಕ್ಕೆ ಮಾರುವ ಪ್ರಸಂಗ ಬರಲಿಲ್ಲ. ಸಾಲ ಮಾಡಿ ಕುದುರೆ ತಂದು, ಮೇವನ್ನೂ ಕೊಂಡು ಹಾಕುವವನಿಗೆ ಆ ವರ್ಷ ಏನು ಗತಿ ಅಂತ ನೀವೇ ಯೋಚಿಸಿ.

ಹಾಗಾದರೆ ಕುದುರೆ ಹೊಲದಲ್ಲಿ ಏನು ಮಾಡುತ್ತದೆ? ಎಡೆಕುಂಟೆ ಎಳೆಯುತ್ತದೆ, ಎತ್ತಿಗಿಂತ ಹೆಜ್ಜೆ ಚುರುಕು. ಆದರೆ ನೊಗ ಹಾಕಬಾರದು. ಎತ್ತು ಹಿಣಿಲಿಗೆ ನೊಗ ಕೊಟ್ಟು ಎಳೆಯುತ್ತದೆ, ಕುದುರೆಗೆ ಹಿಣಿಲೇ ಇಲ್ಲ. ಅಗಲವಾದ ಎದೆಪಟ್ಟಿ ಬೇಕು, ಅದು ಕುತ್ತಿಗೆಗೆ ಏರಿ ಉಸಿರುಗೊಳವೆ ಅದುಮಬಾರದು. ನೇಗಿಲಿಗೆ ನಾವು ಎತ್ತನ್ನೇ ಹೂಡುತ್ತೇವೆ. ಲದ್ದಿ ದಿನಕ್ಕೆ ಒಂದೊಂದು ಬುಟ್ಟಿ. ಸಗಣಿಗಿಂತ ಬಿಸಿ ಜಾಸ್ತಿ, ಕಳೆಬೀಜವೂ ಉಳಿದಿರುತ್ತದೆ, ಹಸಿಯಾಗಿ ಹೊಲಕ್ಕೆ ಹಾಕದೆ ತಿಪ್ಪೆಯಲ್ಲಿ ಕಳಿಸಿ.

ಅತಿಥಿಗಳ ಜೊತೆ ದೊಡ್ಡ ಜಗಳ ಸವಾರಿಯದು. ಕುದುರೆ ತನ್ನ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಬೆನ್ನ ಮೇಲೆ ಹೊರಬಾರದು, ಜೀನಿನ ತೂಕ ಸೇರಿ. ನಮ್ಮ ತಟ್ಟುವಿಗೆ ಅದು 44 ಕಿಲೋ. ಮಕ್ಕಳು ಕೂರಬಹುದು, ಎಂಬತ್ತು ಕಿಲೋ ಸಾಹೇಬರು ಕೂರಬಾರದು. ದೊಡ್ಡವರಿಗೆ ಗಾಡಿ. ಇದನ್ನು ಕೋಣೆ ಗೊತ್ತುಮಾಡುವಾಗಲೇ ಹೇಳಿಬಿಡುತ್ತೇವೆ. ದುಡ್ಡು ಜಾಸ್ತಿ ಕೊಡ್ತೀನಿ ಅಂದವರೂ ಇದ್ದಾರೆ. ದುಡ್ಡು ಕೊಟ್ಟರೆ ಬೆನ್ನುಮೂಳೆ ಗಟ್ಟಿಯಾಗುತ್ತದೆಯೇ?

ಸವಾರಿ ಸಿಗದವರಿಗೆ ನಾನು ಹಂಪಿಯ ಕುದುರೆ ಕಥೆ ಹೇಳುತ್ತೇನೆ. ಹಜಾರರಾಮ ಗುಡಿಯ ಹೊರಗೋಡೆ, ಮಹಾನವಮಿ ದಿಬ್ಬ, ವಿಠ್ಠಲ ಗುಡಿ ದಾರಿಯ ಕುದುರೆಗೊಂಬೆ ಮಂಟಪ, ಎಲ್ಲಿ ನೋಡಿದರೂ ಕುದುರೆ. ಅರಸರಿಗೆ ಒಳ್ಳೆ ಕುದುರೆ ಬರುತ್ತಿದ್ದದ್ದು ಅರಬ್ಬಿ, ಪಾರಸಿ ಕಡೆಯಿಂದ ಹಡಗಿನಲ್ಲಿ, ಭಟ್ಕಳ, ಗೋವಾ ಬಂದರುಗಳ ಮೂಲಕ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅರಸ ಹಣ ಕೊಡುತ್ತಿದ್ದ ಅಂತ ಪೋರ್ಚುಗೀಸ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅರಸನ ಬೊಕ್ಕಸ ತಡೆಯಿತು, ನಮ್ಮದು ತಡೆಯದು.

ಮನೆಯೊಳಗಿನ ಕೆಲಸವನ್ನು ಹುಡುಗರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅತಿಥಿಗಳಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಇಷ್ಟ. ತಟ್ಟುವುದು ನಮ್ಮ ಮನೆಯಾಕೆ ಮತ್ತು ಸೊಸೆ, ಹಾಸಿಗೆ ಒಗೆಯುವುದೂ ಅವರೇ. ಸುಗ್ಗಿ ಮತ್ತು ಅತಿಥಿ ಒಂದೇ ಕಾಲಕ್ಕೆ ಬರುತ್ತವೆ. ಅದಕ್ಕೇ ಎರಡೇ ಕೋಣೆ, ತೊಗರಿ ಕೊಯ್ಯುವ ವಾರ ಕೋಣೆಗೆ ಬೀಗ. ಊಟದ ಹಣ ಪೂರಾ ಅವರಿಬ್ಬರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಈ ಏರ್ಪಾಡು ಸೊಸೆಯದೇ, ನನಗೂ ಸರಿ ಅನಿಸಿತು.

ಕೋಣೆ ಕಟ್ಟುವ ಮುಂಚೆ ಜಾಗ ಎಲ್ಲಿ ಬರುತ್ತದೆ ನೋಡಿ. ಹಂಪಿ ಸುತ್ತಲ ಹಳ್ಳಿಗಳಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. ವಿರೂಪಾಪುರಗಡ್ಡೆಯಲ್ಲಿ ವರ್ಷಗಟ್ಟಲೆ ನಡೆದ ವಸತಿಗೃಹಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ವಿದೇಶಿಯರು ಉಳಿದರೆ 24 ತಾಸಿನೊಳಗೆ ಆನ್‌ಲೈನಿನಲ್ಲಿ ಮಾಹಿತಿ ಕೊಡಬೇಕು. 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ಪ್ರವಾಸಿಗರ ಮೇಲೆ ನಡೆದ ಘಾತುಕ ಕೃತ್ಯದ ನಂತರ, ಕತ್ತಲಾದ ಮೇಲೆ ಯಾರನ್ನೂ ಹೊಲದ ಆಚೆ ಒಂಟಿಯಾಗಿ ಬಿಡುತ್ತಿಲ್ಲ.

ಇಷ್ಟು ಕೇಳಿಯೂ ಕುದುರೆ ಬೇಕು ಅನ್ನುವವರು ಮೊದಲು ಎರಡು ವರ್ಷ ಹುರುಳಿ ಬೆಳೆದು ಮನೆಯಲ್ಲಿಟ್ಟು ನೋಡಿ. ಆಮೇಲೆ ಲಾಳ ಹೊಡೆಯುವವರನ್ನು ಹುಡುಕಿ. 6–8 ವಾರಕ್ಕೊಮ್ಮೆ ಗೊರಸು ಕೊಯ್ದು ಲಾಳ ಬದಲಿಸಬೇಕು, ಮೊಳೆ ಚುಚ್ಚಿದರೆ ಧನುರ್ವಾಯು ಕುದುರೆಗೆ ಬೇಗ ತಗಲುತ್ತದೆ, ಅದಕ್ಕೆ ಮುಂಚೆಯೇ ಲಸಿಕೆ ಹಾಕಿಸಿರಬೇಕು. ಎತ್ತಿಗೆ ಲಾಳ ಕಟ್ಟುವವರೆಲ್ಲ ಕುದುರೆಗೆ ಹೊಡೆಯಲು ಬರುವವರಲ್ಲ. ನಮಗೆ ಈಗಲೂ ಭಾವನ ಕಾಲದ ಹಿರಿಯರೊಬ್ಬರೇ ಹೊಸಪೇಟೆಯಿಂದ ಬರುತ್ತಾರೆ. ಅವರ ಕೈಕೆಳಗೆ ನನ್ನ ಮಗ ಕಲಿಯುತ್ತಿದ್ದಾನೆ, ಮುಂಗಾಲು ಬಂದಿದೆ, ಹಿಂಗಾಲು ಇನ್ನೂ ಬರಬೇಕು.