ಚಪ್ಪಟೆ ಪಾದದವರಿಗೆ ತಕ್ಕ ಪಾದರಕ್ಷೆ



ಗಿಡದ ಬೇರಿಗೆ ಕೊಡುವ ಗಮನವನ್ನು ನಾವು ನಮ್ಮ ಪಾದಕ್ಕೆ ಕೊಡುವುದಿಲ್ಲ. ಕಾಫಿ ತೋಟದ ಇಳಿಜಾರು, ಹೊಸಪೇಟೆ-ಕಂಪ್ಲಿಯ ಕಾಲುವೆ ಬಯಲಿನ ಕೆಸರು, ಸಂಡೂರಿನ ಅದಿರು ಗುಡ್ಡದ ಕಲ್ಲುಹಾದಿ, ಹಂಪಿಯ ಬಂಡೆ ಮೆಟ್ಟಿಲು, ನೆಲ ಯಾವುದಾದರೂ ಮೈಭಾರ ಹೊರುವುದು ಪಾದವೇ. ಸಂಜೆಯಾದೊಡನೆ ಅಂಗಾಲು ಹಾಗೂ ಹರಡಿನ ಒಳಬದಿ ನೋಯುವವರು ತಮ್ಮದು ಚಪ್ಪಟೆ ಪಾದವೇ ಎಂದು ಮೊದಲು ನೋಡಿಕೊಳ್ಳಬೇಕು.

ಪರೀಕ್ಷೆ ಸುಲಭ. ಪಾದ ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಸಾಮಾನ್ಯ ಪಾದದ ಗುರುತಿನಲ್ಲಿ ಒಳಬದಿ ಬಾಗಿರುತ್ತದೆ. ಚಪ್ಪಟೆ ಪಾದವಾದರೆ ಇಡೀ ಅಂಗಾಲು ಮೂಡುತ್ತದೆ. ಅನಂತರ ತುದಿಗಾಲಲ್ಲಿ ನಿಲ್ಲಿ. ಆಗ ಕಮಾನು ಎದ್ದರೆ ಚಿಂತೆಯಿಲ್ಲ; ಏಳದಿದ್ದರೆ ವೈದ್ಯರಿಗೆ ತೋರಿಸಿ. ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ನೋವಿಲ್ಲದ ಚಪ್ಪಟೆ ಪಾದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ನೋವಿದ್ದವರು ಪಾದರಕ್ಷೆ ಕೊಳ್ಳುವಾಗ ಗಮನಿಸತಕ್ಕ ಅಂಶಗಳು:

1. ಹಿಮ್ಮಡಿಯ ಸುತ್ತಿನ ಭಾಗ ಗಟ್ಟಿಯಿರಲಿ. ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು.
2. ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸಲೀಸಾಗಿ ತಿರುಚಿಕೊಳ್ಳುವ ಜೋಡು ಬೇಡ. ಅಟ್ಟೆ ಬೆರಳ ಬುಡದಲ್ಲಿ ಬಾಗಬೇಕು, ನಡುವೆ ಬಾಗಬಾರದು.
3. ಸಂಜೆ ಹೊತ್ತು ಕೊಳ್ಳಿ. ಆಗ ಪಾದ ತುಸು ಊದಿರುತ್ತದೆ. ಎರಡೂ ಕಾಲಿಗೆ ಹಾಕಿ ನಿಂತು ನೋಡಿ. ಉದ್ದನೆಯ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ.
4. ಸ್ಯಾಂಡಲ್ ಆದರೆ ಹಿಂದೆ ಪಟ್ಟಿ ಇರಲಿ.

ಸವೆದ ಹವಾಯಿ ಚಪ್ಪಲಿ ಚಪ್ಪಟೆ ಪಾದಕ್ಕೆ ಆಸರೆ ಕೊಡುವುದಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ಹೊಲಿಯುವ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ಬಾಳಿಕೆಗೆ ಹೆಸರಾದದ್ದು; ಆದರೆ ಅದರ ಅಟ್ಟೆಯೂ ಸಪಾಟು. ಜಾತ್ರೆಗೆ, ಮದುವೆಗೆ ಸರಿ, ದಿನವಿಡೀ ತೋಟ ಸುತ್ತಲು ಅಲ್ಲ.

ಇನ್ನು ಇನ್‌ಸೋಲ್, ಅಂದರೆ ಒಳಅಟ್ಟೆ. ಇದು ಹೊಸ ಕಮಾನು ಬೆಳೆಸುವುದಿಲ್ಲ. ಬಾಗಿದ ಬಾಳೆಗೆ ಊರುಗೋಲು ಕೊಟ್ಟಂತೆ, ಇರುವುದಕ್ಕೆ ಆಸರೆ ಅಷ್ಟೆ. ಬೆರಳಿಟ್ಟರೆ ಹೂತುಹೋಗುವ ಸ್ಪಂಜು ಹಿತವೆನಿಸಿದರೂ ಭಾರ ತಡೆಯದು. ತೀರ ಗಟ್ಟಿ ಉಬ್ಬಾದರೆ ಅಂಗಾಲಿಗೆ ಚುಚ್ಚುತ್ತದೆ. ಮಧ್ಯಮ ಗಟ್ಟಿಯದನ್ನು ಆರಿಸಿ. ಹಳೆಯ ಒಳಅಟ್ಟೆ ತೆಗೆದು ಹೊಸದನ್ನು ಹಾಕಿ. ಮೊದಲ ದಿನ ಒಂದೆರಡು ಗಂಟೆ ಮಾತ್ರ ಧರಿಸಿ, ಕ್ರಮೇಣ ಹೆಚ್ಚಿಸಿ. ಗಂಬೂಟಿನೊಳಗೂ ಹಾಕಬಹುದು, ರಾತ್ರಿ ಹೊರತೆಗೆದು ಒಣಗಿಸಬೇಕು. ಆಳುಗಳಿಗೆ ಗಂಬೂಟು ತರುವಾಗ ಎಲ್ಲರಿಗೂ ಒಂದೇ ಅಳತೆ ತರದೆ, ಒಬ್ಬೊಬ್ಬರ ಪಾದ ಅಳೆದು ತರುವುದು ನಮ್ಮ ಕರ್ತವ್ಯ.

ಎಚ್ಚರಿಕೆ: ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಅಂಗಡಿಯ ಇನ್‌ಸೋಲನ್ನು ತಾವಾಗಿ ಹಾಕಬಾರದು. ಒತ್ತಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಹುಣ್ಣು ಬಲಿತರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಒಂದೇ ಪಾದ ಹೊಸದಾಗಿ ಕುಸಿದರೆ, ಹರಡಿನ ಒಳಬದಿ ಊದಿದರೆ, ಒಂಟಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ತಡಮಾಡದೆ ಮೂಳೆ ವೈದ್ಯರನ್ನು ಕಾಣಿರಿ. ಕೊಯ್ಲು ಮುಗಿಯಲಿ ಎಂದು ಕಾಯುವ ನೋವು ಇದಲ್ಲ.

– ಕಾರ್ಯದರ್ಶಿ